ನೆರಳು ಬೇಕಾದ ಡಬ್ಬಿಗಳು

ಮಿಯಾಪುರದ ಮೆಟ್ರೋ ಕಂಬಗಳ ಹಿಂದಿನ ಬೀದಿಯಲ್ಲಿ ಮಾಣಿಕಪ್ಪನದು ಕಾರು ತೊಳೆದು ಪಾಲಿಶ್ ಮಾಡುವ ಅಂಗಡಿ. ಅದರ ಹಿಂದೆ ಒಂದು ತಗಡಿನ ಕೋಣೆ. ಕೋಣೆಯೊಳಗೆ ಭೀಮಾಶಂಕರ, ಎಂಟು ತಿಂಗಳ ಬಸುರಿ ಹೆಂಡತಿ ಸುಮಂಗಲಾ, ಆರು ಪೆಟ್ಟಿಗೆ ಸಾಮಾನು: ಸ್ಪ್ರೇ ಡಬ್ಬಿ, ಪಾಲಿಶ್ ಬಾಟಲಿ. ಬಾಡಿಗೆಯಿಲ್ಲ, ಸಾಮಾನು ಕಾಯಬೇಕು, ಅಷ್ಟೇ.

ಭೀಮಾಶಂಕರ ಪಿಯುಸಿವರೆಗೆ ಓದಿದವನು. ಗ್ಯಾಸ್ ತುಂಬಿದ ಡಬ್ಬಿಗಳನ್ನು ಐವತ್ತು ಡಿಗ್ರಿ ದಾಟುವ ಕಡೆ ಇಡಬಾರದು, ಸಿಡಿಯುತ್ತವೆ ಎಂದು ಅವುಗಳ ಮೇಲೇ ಬರೆದದ್ದನ್ನು ಅವನು ಮೇ ತಿಂಗಳ ಮೊದಲ ವಾರ ಓದಿದ. ಓದದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಅಂದಿನಿಂದ ಸುಮಂಗಲಾ ಹೊರಗೆ ಬಿಸಿಲಲ್ಲಿ ಕೂತು ಅಡುಗೆ ಮಾಡತೊಡಗಿದಳು.

ಡಬ್ಬಿಗಳನ್ನು ಗಿರಾಕಿಗಳು ಕೂರುವ ಏಸಿ ಕೋಣೆಯಲ್ಲಿಡೋಣ ಎಂದು ಎರಡು ಸಲ ಕೇಳಿದ. ಮೊದಲ ಸಲ ಮಾಣಿಕಪ್ಪ ನಕ್ಕ. ಎರಡನೆಯ ಸಲ ನಗಲಿಲ್ಲ.

“ಕೋಣಿ ಡಬ್ಬಿಗಂತ ಕಟ್ಟಿಸೀನಿ ಭೀಮ್ಯಾ. ಇಕ್ಕಟ್ಟ ಆತಂದ್ರ ಯಾರು ಹೊರಗ ಹೋಗಬೇಕು, ನೀನ ಹೇಳು.”

ಮಾಣಿಕಪ್ಪ ಬೀದರಿನ ಮನುಷ್ಯ, ನಮ್ಮ ಕಡೆಯ ಹುಡುಗ ಎಂದು ಕೆಲಸ ಕೊಟ್ಟವನು. ಸುಮಂಗಲಾಳ ಹೆರಿಗೆ ಕಾರ್ಡಿನಲ್ಲೂ ಈ ಕೋಣೆಯದೇ ವಿಳಾಸವಿತ್ತು.

ಕೊನೆಗೆ ಭೀಮಾಶಂಕರ ಊರಲ್ಲಿ ನೀರಿನ ಕೊಡಕ್ಕೆ ಮಾಡುವಂತೆ ಮಾಡಿದ. ಗೋಣಿಚೀಲ ನೆನೆಸಿ ಡಬ್ಬಿಗಳಿಗೂ ಬಾಟಲಿಗಳಿಗೂ ಸುತ್ತಿದ. ಸುಮಂಗಲಾ ಆಗಾಗ ನೀರು ಚಿಮುಕಿಸಿದಳು. ಕೋಣೆಯೂ ತುಸು ತಣ್ಣಗಾಯಿತು. ನಾಲ್ಕನೆಯ ದಿನ ಬಾಟಲಿಗಳ ಕಾಗದದ ಚೀಟಿಗಳು ಕಳಚಿ ಗೋಣಿಗೆ ಅಂಟಿಕೊಂಡವು. ಟೈರಿನ ಹೊಳಪಿಗೆ ಹೊಡೆಯುವ ಎಣ್ಣೆ, ಕಾರಿನ ಒಳಗೆ ಒರೆಸಲು ಹೊಡೆಯುವ ದ್ರವ, ಎರಡೂ ಹಾಲಿನಂತೆ ಬಿಳಿ. ವಾಸನೆ ಮಾತ್ರ ಬೇರೆ. ಅವನು ಮೂಸಿ ಮೂಸಿ ಬೇರೆ ಮಾಡಿಟ್ಟ. ಅದೇ ವಾಸನೆಯಲ್ಲಿ ಮಲಗಿ ಏಳುವವನ ಮೂಗು ಎಂದೋ ಸತ್ತಿದೆ ಎಂದು ಹೊಳೆಯಲಿಲ್ಲ.

ಮರುದಿನ ತೇಜಸ್ವಿನಿ ಎಂಬ ಮೈಸೂರಿನ ಹುಡುಗಿಯ ಕಾರು ಬಂತು. ಭೀಮಾಶಂಕರ ಒಳಗೆಲ್ಲ ಒರೆಸಿ, ಗಾಡಿಯನ್ನು ನೆರಳಿನಿಂದ ಹೊರತರಲು ಕೂತಾಗ, ಸ್ಟೇರಿಂಗ್ ಹಿಡಿದು ತಿರುಗಿಸಿದರೆ ಕೈ ತಿರುಗಿತು, ಸ್ಟೇರಿಂಗ್ ತಿರುಗಲಿಲ್ಲ. ಟೈರಿನ ಎಣ್ಣೆ.

ತೇಜಸ್ವಿನಿ ಬ್ಯಾಗು ಹಿಡಿದು ನಿಂತಿದ್ದಳು. ರಿಂಗ್ ರಸ್ತೆ ಹಿಡಿಯುವವಳು, ಆಗಲೇ ತಡವಾಗಿತ್ತು. ಹೇಳಿದರೆ ಬಾಟಲಿ ಹೇಗೆ ಬದಲಾಯಿತು ಎಂಬ ಪ್ರಶ್ನೆ ಬರುತ್ತದೆ; ಅಲ್ಲಿಂದ ಗೋಣಿ, ಗೋಣಿಯಿಂದ ಕೋಣೆ ಬಿಡುವ ಮಾತು. ಬಿಸಿಲಿಗೆ ಒಣಗೀತು ಎಂದು ಒಂದು ಕ್ಷಣ ತನಗೆ ತಾನೇ ಹೇಳಿಕೊಂಡ. ಅದು ಒಣಗುವ ಮಾಲಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಇಳಿದು ಮಾಣಿಕಪ್ಪನನ್ನು ಕರೆದ.

“ಕಾಕಾ, ಸ್ಟೇರಿಂಗಿಗೆ ಟೈರಿಂದು ಹೊಡದೀನಿ. ಜಾರಾಕತ್ತೈತಿ. ಗಾಡಿ ಕೊಡಬ್ಯಾಡ್ರಿ.”

ತೇಜಸ್ವಿನಿ ಅವನನ್ನೊಮ್ಮೆ ನೋಡಿ, ಈಗಲಾದರೂ ಹೇಳಿದರಲ್ಲ ಎಂದು ಏಸಿ ಕೋಣೆಗೆ ಹೋಗಿ ಕೂತಳು. ಅವನು ಸೋಪಿನ ನೀರಲ್ಲಿ ಮೂರು ಸಲ ಒರೆಸುವಷ್ಟರಲ್ಲಿ ಮಾಣಿಕಪ್ಪ ಹಿಂದಿನ ಕೋಣೆಗೆ ಹೋಗಿ ಎಲ್ಲ ನೋಡಿ ಬಂದಿದ್ದ. ಅವಳ ಕಾರು ಹೋದ ಮೇಲೆ ಭೀಮಾಶಂಕರನನ್ನು ಕರೆದ.

“ಬಾಟಲಿ ನನ್ನ ಟೇಬಲ್ ಕೆಳಗ ತಂದಿಡು, ಏಸಿಯಾಗ. ಡಬ್ಬಿ ಅಲ್ಲೇ ಇರಲಿ. ಗೋಣಿ ಬಿಸಾಕು, ತುಕ್ಕು ಹಿಡಿತಾವ. ಆಗಂಗಿಲ್ಲ ಅಂದ್ರ ಇವತ್ತ ಹೇಳು.”

“ಆಗತೈತಿ ಕಾಕಾ.”

ಎಷ್ಟು ಬೇಗ ಅಂದುಬಿಟ್ಟ ಎಂದು ಅವನಿಗೇ ನಾಚಿಕೆಯಾಯಿತು. ಸಿಡಿಯದ ಬಾಟಲಿಗಳಿಗೆ ತಂಪು ಸಿಕ್ಕಿತ್ತು.

ಕೋಣೆಯಲ್ಲಿ ಸುಮಂಗಲಾ ಏನಾಯಿತೆಂದು ಕೇಳಿದಳು.

“ಕೋಣಿ ಉಳೀತು.”

“ಡಬ್ಬಿ?”

ಅವನು ಡಬ್ಬಿಗಳ ಮೇಲಿನ ಗೋಣಿಗಳನ್ನು ಕೀಳತೊಡಗಿದ. ಅವಳು ಗೋಡೆ ಹಿಡಿದು ಎದ್ದು, ಹಾಸಿಗೆಯನ್ನು ಡಬ್ಬಿಗಳಿಂದ ದೂರ, ಬಾಗಿಲ ತನಕ ಎಳೆದಳು. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಹಾಸಿಗೆಗೆ ತಾಗಿ ಅರ್ಧಕ್ಕೇ ನಿಂತಿತು. ಹೊರಗೆ ಹೋಗಲು ದಾರಿ ಬೇಕಲ್ಲ, ಮತ್ತೆ ಡಬ್ಬಿಗಳ ಕಡೆಗೇ ಎಳೆದಳು.