ಸಡಿಲ ಬೆಲ್ಟಿನ ದನಿ

ಮುಂದೆ ಎಲ್ಲ ಹಿಪ್‌ಹಾಪ್ ಹುಡುಗರು ಗುರುವೆಂದು ಒಪ್ಪಿಕೊಂಡ ಆ ಆಲ್ಬಂ ತಯಾರಾದದ್ದು ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಹಾಡಿದವನಿಗೆ ಕಡ್ಡಿ ಎಂಬ ಹೆಸರು. ಮೈ ಹಾಗಿತ್ತು, ದನಿಯೂ ಅಷ್ಟೇ ಸಣ್ಣಗಿತ್ತು. ಬೀಟ್ ಕಟ್ಟಿ ರೆಕಾರ್ಡ್ ಮಾಡಿದವನು ಅಂಗಡಿಯ ಮಾಲೀಕ, ಕಡ್ಡಿಯ ಅಕ್ಕನ ಗಂಡ. ಸದ್ದು ಬರುತ್ತದೆಂದು ಫ್ಯಾನ್ ಆರಿಸಿ, ಬಾಗಿಲಿಗೆ ಹಾಸಿಗೆ ಒರಗಿಸಿ, ಇಬ್ಬರೂ ಬೆವರಲ್ಲಿ ತೊಯ್ದು ಕೆಲಸ ಮಾಡಿದರು.

ಎಡವಟ್ಟಾದದ್ದು ಕ್ಯಾಸೆಟ್‌ಗಳಿಗೆ ನಕಲು ತೆಗೆಯುವಾಗ. ಮೂಲ ಟೇಪನ್ನು ಓಡಿಸಿದ ಯಂತ್ರದ ಬೆಲ್ಟು ಸಡಿಲವಾಗಿತ್ತು. ಊರವರ ಬೆಲ್ಟು ಬದಲಿಸುವುದೇ ಕಸುಬಾಗಿದ್ದ ಭಾವ ತನ್ನದನ್ನು ಮುಟ್ಟಿ ನೋಡಿರಲಿಲ್ಲ. ಟೇಪು ನಿಧಾನಕ್ಕೆ ಓಡಿತು. ನಕಲುಗಳಲ್ಲಿ ಬೀಟು ತೂಗಾಡಿತು, ಕಡ್ಡಿಯ ದನಿ ದಪ್ಪಗಾಯಿತು.

"ಭಾವ, ಇದು ನಾನಲ್ಲ. ಜ್ವರ ಬಂದ ಕೋಣ."

"ಕೋಣಾನೇ ಜನ ಕೊಂಡ್ಕೊಂಡು ಹೋಗ್ತಿದಾರೆ. ಸುಮ್ನಿರು."

ವಿಮರ್ಶಕರು ಅದನ್ನು ನೋವಿನ ಭಾರ ಹೊತ್ತ ದನಿ ಎಂದು ಬರೆದರು. ಹೊಸ ಹುಡುಗರು ಬೀಟು ನಿಧಾನಿಸಿ, ದನಿಯನ್ನು ಎದೆಗಿಳಿಸಿ ಹಾಡತೊಡಗಿದರು. ವೇದಿಕೆಯಲ್ಲಿ ಕಡ್ಡಿಯೂ ಗಂಟಲು ಒತ್ತಿ ತನ್ನನ್ನೇ ಅನುಕರಿಸಿದ. ಇಪ್ಪತ್ತು ವರ್ಷ ಹೀಗೇ ನಡೆಯಿತು. ಕೊನೆಗೆ ಧ್ವನಿತಂತುಗಳ ಮೇಲೆ ಗಂಟು ಕಂಡ ವೈದ್ಯೆ, ಇನ್ನೂ ಒತ್ತಿದರೆ ಮಾತೂ ಉಳಿಯುವುದಿಲ್ಲ ಎಂದರು.

ಆಲ್ಬಮ್ಮಿನ ಇಪ್ಪತ್ತನೇ ವರ್ಷದ ಕಾರ್ಯಕ್ರಮ ಆಗಲೇ ನಿಗದಿಯಾಗಿತ್ತು. ತನ್ನ ಸ್ವಂತ ದನಿಯಲ್ಲೇ ಹಾಡುತ್ತೇನೆಂದ ಕಡ್ಡಿ.

"ಜನ ಬರೋದು ಆ ದನಿಗೆ ಕಣೋ," ಎಂದ ಭಾವ.

ಅಕ್ಕ ಬಟ್ಟೆ ಮಡಚುತ್ತಲೇ ಅಂದಳು, "ಬೆಲ್ಟು ನಿಮ್ದು, ಗಂಟಲು ಅವನ್ದು. ಇಪ್ಪತ್ತು ವರ್ಷ ನಿಮ್ಮ ಸೋಮಾರಿತನ ಹಾಡಿದಾನೆ, ಸಾಕು."

ಭಾವ ಅಂಗಡಿಗೆ ಹೋಗಿ ತನ್ನ ಯಂತ್ರಕ್ಕೆ ಹೊಸ ಬೆಲ್ಟು ಹಾಕಿದ. ಮೂಲ ಬೀಟುಗಳನ್ನು ಸರಿಯಾದ ವೇಗದಲ್ಲಿ ತೆಗೆದುಕೊಟ್ಟ.

ಸಭಾಂಗಣ ತುಂಬಿತ್ತು. ಮೊದಲ ಹಾಡಿಗೇ ಗುಸುಗುಸು ಎದ್ದಿತು. ಮೂರನೆಯದರ ಹೊತ್ತಿಗೆ ಒಬ್ಬ ಪಕ್ಕದವನಿಗೆ, "ಡೂಪ್ಲಿಕೇಟ್ ಕರ್ಕೊಂಬಂದಿದಾರೆ, ನಡಿ," ಎಂದು ಎದ್ದುಹೋದ. ಅವನ ಹಿಂದೆ ಇನ್ನೂ ಹಲವರು ಹೋದರು. ಮುಂದಿನ ಸಾಲುಗಳಲ್ಲಿ ಉಳಿದವರು ಇಷ್ಟು ವರ್ಷ ಕಿವಿಗೆ ಸಿಗದಿದ್ದ ಪದಗಳನ್ನು ಹಿಡಿಯಲು ಮುಂದಕ್ಕೆ ಬಾಗಿದ್ದರು. ನಿಜವಾದ ವೇಗದಲ್ಲಿ ಹಾಡುಗಳು ಬೇಗ ಮುಗಿದವು. ಪರದೆಯ ಮರೆಯಲ್ಲಿ ವ್ಯವಸ್ಥಾಪಕ ಗಡಿಯಾರ ನೋಡಿದ.

"ಇನ್ನೂ ಟೈಮಿದೆ ಸಾರ್, ಏನ್ಮಾಡೋಣ?"

ಕಡ್ಡಿ ನೀರು ಕುಡಿದು ಗಂಟಲು ಮುಟ್ಟಿ ನೋಡಿಕೊಂಡ.

"ನೋಯ್ತಿಲ್ಲ. ಮೊದಲಿಂದ ಹಾಕಿಸಿ."