ಹುಮನಾಬಾದಿಗೆ ಹೋದ ಚಾಕಲೇಟ್ ದ್ರಾಕ್ಷಿ

ನಿಶ್ಚಿತಾರ್ಥದ ದಿನ ಸರ್ವರಿ ಬೇಗಂ ಬಾಯಿಂದ ಒಂದು ಮುತ್ತೂ ಉದುರಿರಲಿಲ್ಲ. ಹುಮನಾಬಾದಿನಿಂದ ಬಂದರು, ಸೊಸೆಯಾಗುವವಳ ಬೆರಳಿಗೆ ಉಂಗುರ ತೊಡಿಸಿದರು, ಮುಖ ಗಂಟಿಕ್ಕಿಕೊಂಡು ಕೂತಿದ್ದು ಹಾಗೇ ಎದ್ದು ಹೋದರು. ಅಂದಿನಿಂದ ಬಸವಕಲ್ಯಾಣದ ಮೀನಾಜಳಿಗೆ ಒಂದೇ ಚಿಂತೆ. ಹುಡುಗ ನದೀಮ್ ಒಳ್ಳೆಯವನೇ, ಒಪ್ಪೋಣ. ಆದರೆ ಅವನು ಬೆಳಿಗ್ಗೆ ಅಂಗಡಿಗೆ ಹೋದ ಮೇಲೆ ದಿನವಿಡೀ ಆ ಮುಖದ ಎದುರು ಬಾಳುವವಳು ಯಾರು? ಇವಳೇ ತಾನೆ!

ಮದುವೆಗೆ ಮುಂಚಿನ ರಂಜಾನಿನಲ್ಲಿ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಇಫ್ತಾರಿನ ತಿನಿಸು ಹೋಗಬೇಕು. ಸಮೋಸ ಎಲ್ಲರೂ ಕಳಿಸುತ್ತಾರೆ. ಚಾಕಲೇಟಿನಲ್ಲಿ ಅದ್ದಿದ ಹಣ್ಣು ಕಳಿಸಿದರೆ ಆ ಮುಖದಲ್ಲಿ ಒಂದು ನಗುವಾದರೂ ಮೂಡೀತೆಂದು ಮೀನಾಜ್ ಹಟ ಹಿಡಿದಳು. ಮೊಬೈಲಿನಲ್ಲಿ ನೋಡಿದ್ದು ಸ್ಟ್ರಾಬೆರಿ. ಅದನ್ನು ಇಲ್ಲಿ ಎಲ್ಲಿಂದ ತರೋಣ? ದ್ರಾಕ್ಷಿ, ಬಾಳೆಹಣ್ಣು, ಬೀಜ ತೆಗೆದ ಖರ್ಜೂರ ಸಾಕೆಂದುಕೊಂಡಳು.

ಒಂದು ಹನಿ ನೀರು ಬಿದ್ದರೂ ಕರಗಿದ ಚಾಕಲೇಟ್ ಗಟ್ಟಿಯಾಗಿ ಕೆಡುತ್ತದೆ. ಅದಕ್ಕೇ ಹಣ್ಣನ್ನೆಲ್ಲ ಒರೆಸಿ ತಟ್ಟೆಯಲ್ಲಿ ಹರಡಿದಳು. ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕಲೇಟ್ ತಿರುವತೊಡಗಿದಳು. ರೋಜಾ ಉಪವಾಸ ಹಿಡಿದ ಮಧ್ಯಾಹ್ನ, ಬಾಯಿ ಒಣಗಿತ್ತು, ಕಣ್ಣು ಭಾರವಾಗಿತ್ತು. ಚಮಚ ಸುತ್ತುತ್ತ ಸುತ್ತುತ್ತ ಹುಮನಾಬಾದಿನ ಮನೆ ತೇಲಿ ಬಂತು. ಅವಳು ನೋಡಿಯೇ ಇರದ ಮನೆ. ಬಾಗಿಲಿಗೆ ತಾನೇ ನೀಲಿ ಬಣ್ಣ ಬಳಿದಳು, ಅಂಗಳದಲ್ಲಿ ಬೇವಿನ ಮರ ನೆಟ್ಟಳು, ಅದರ ನೆರಳಲ್ಲಿ ಸರ್ವರಿಯನ್ನು ಕೂರಿಸಿ ಬಾಯಿಗೊಂದು ದ್ರಾಕ್ಷಿ ಇಟ್ಟಳು. ಕಾದಳು, ಕಾದಳು. ಅಬ್ಬಬ್ಬಾ, ಕನಸಿನಲ್ಲೂ ಆ ಹೆಂಗಸು ನಗಲೊಲ್ಲಳು!

"ಏ ಮೀನಾಜ್, ನಮಾಜಿನ ಹೊತ್ತಾತು. ನಿಂತಲ್ಲೇ ನಿದ್ದಿ ಮಾಡಾಕತ್ತಿಯೇನ?" ಎಂದಳು ಅಜ್ಜಿ ಅಸ್ಗರಿ. ತಾಯಿಯಿಲ್ಲದ ಮೀನಾಜಳನ್ನು ಸಾಕಿದವಳು ಈ ದಾದಿಮಾನೇ.

ಮೀನಾಜ್ ಒಲೆ ಆರಿಸಿ ಒಳಗೆ ಹೋದಳು. ನಮಾಜು ಮುಗಿಸಿ ಬಂದು, ಅದೇ ಮಂಪರಿನಲ್ಲಿ ಒಂದೊಂದೇ ಹಣ್ಣನ್ನು ಕಡ್ಡಿಗೆ ಚುಚ್ಚಿ ಅದ್ದಿದಳು. ರೋಜಾ ಇದ್ದವರು ರುಚಿ ನೋಡುವಂತಿಲ್ಲ. ಆದರೆ ಹೊಳಪೇನು, ಅಂದವೇನು! ತಂದೆ ಮುಜಾಫರ್, ಅವಳ ಅಬ್ಬಾ, ಡಬ್ಬಿಯನ್ನು ಐಸಿನ ಮೇಲಿಟ್ಟುಕೊಂಡು ಹುಮನಾಬಾದಿನ ಬಸ್ಸು ಹತ್ತಿದರು.

ಸಂಜೆ ಅಜಾನ್ ಆಯಿತು, ರೋಜಾ ಬಿಡುವ ಹೊತ್ತಾಯಿತು. ಮನೆಗೆಂದು ಉಳಿಸಿದ್ದ ಚಾಕಲೇಟ್ ದ್ರಾಕ್ಷಿಯೊಂದನ್ನು ಮೀನಾಜ್ ಬಾಯಿಗೆ ಹಾಕಿಕೊಂಡಳು. ಸಿಹಿ ನಾಲಿಗೆಗೆ ಹತ್ತುವಷ್ಟರಲ್ಲಿ ಕರಿಉಪ್ಪು, ಜೀರಿಗೆ, ಖಾರ ಎಲ್ಲ ಒಟ್ಟಿಗೆ ಎದ್ದು ಬಂದವು.

"ದಾದಿಮಾ, ಇದೇನ!"

"ನೀ ಹಣ್ಣಿಗಿ ಮಸಾಲಿ ಹಾಕಸೋದೇ ಮರ್ತಿದ್ದಿ. ನಮಾಜಿಗಿ ಹೋದಾಗ ನಾನೇ ಉದುರಿಸಿದೆ," ಎಂದು ಮುದುಕಿ ಹೆಮ್ಮೆಯಿಂದ ನಕ್ಕಳು. ಇಫ್ತಾರಿನ ಹಣ್ಣಿಗೆ ಚಾಟ್ ಮಸಾಲೆ ಉದುರಿಸುವುದು ಎಂದಿನಿಂದಲೂ ಅವಳ ಕೆಲಸ. ಕಣ್ಣು ಮಂಜಾದ ಮೇಲೆ ಅವಳ ಕೈಯಿಂದ ಒಲೆ ಹೋಯಿತು, ಚಾಕು ಹೋಯಿತು. ಉಳಿದದ್ದು ಇದೊಂದೇ.

ಡಬ್ಬಿ ಆಗಲೇ ಹುಮನಾಬಾದ್ ಸೇರಿರುತ್ತದೆ! ಅಷ್ಟರಲ್ಲಿ ಫೋನ್ ಬಂತು.

"ಮೀನಾಜ್, ನಾ ಸರ್ವರಿ. ಚಾಕಲೇಟಿನಾಗ ಖಾರ ಯಾರ ಹಾಕ್ಯಾರ?"

ದಾದಿಮಾ ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದಳು. ನಿಜ ಹೇಳಿಬಿಟ್ಟರೆ ಮೀನಾಜ್ ಪಾರು. ಆದರೆ ನಾಳೆಯಿಂದ ಮುದುಕಿ ಮಸಾಲೆ ಡಬ್ಬಿ ಮುಟ್ಟುವುದಿಲ್ಲ. ಆ ಸಂಕಟವನ್ನು ನೋಡುವುದು ಮೀನಾಜಳಿಂದಾಗದು.

"ನಾನೇ ಹಾಕೀನ್ರಿ ಖಾಲಾ. ತಪ್ಪಾತ್ರಿ," ಎಂದಳು. ಅತ್ತೆಯಾಗುವವರನ್ನು ಅವಳು ಕರೆಯುವುದು ಹಾಗೇ, ಚಿಕ್ಕಮ್ಮ ಎಂದು.

"ನೀನ?"

"ಹೌದ್ರಿ, ನಾನೇ."

ಮುಗೀತು ತನ್ನ ಕಥೆ ಎಂದುಕೊಂಡಳು ಮೀನಾಜ್.

"ನಿಮ್ಮ ಅಬ್ಬಾ ಇಲ್ಲೇ ನಮ್ಮ ಜೋಡಿ ಊಟಕ್ಕ ಕುಂತಾರ," ಎಂದರು ಸರ್ವರಿ. "ಒಂದು ದ್ರಾಕ್ಷಿ ಬಾಯಾಗ ಹಾಕ್ಕೊಂಡವರೇ, ಇದು ನಮ್ಮ ಅಮ್ಮಾನ ಕೆಲಸ ಅಂದ್ಬಿಟ್ರು. ನೀ ಏನ್ ಹೇಳ್ತಿ ಕೇಳೋಣು ಅಂತ ಫೋನ್ ಮಾಡಿದೆ."

ಮೀನಾಜ್ ನಾಚಿಕೆಯಿಂದ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಫೋನಿನಲ್ಲಿ ಸರ್ವರಿ ನಗುತ್ತಿದ್ದರು. ನಗು ನಿಂತ ಮೇಲೆ ಅವರ ದನಿ ಸಣ್ಣಗಾಯಿತು.

"ನಾಳೆ ನಾನೂ ಮುದುಕಿ ಆಗ್ತೀನಿ ಬೇಟಿ. ನಾನೂ ಹಿಂಗ ಏನರೆ ಮಾಡಿಟ್ಟರ, ನಾಕು ಮಂದಿ ಮುಂದ ನನ್ನ ಹೆಸರ ಹೇಳೂದಿಲ್ಲಲ್ಲ?"

ಮೀನಾಜ್ ಪಕ್ಕದಲ್ಲಿದ್ದ ದಾದಿಮಾಳ ಕೈ ಹಿಡಿದುಕೊಂಡಳು.

"ಹೇಳೂದಿಲ್ರಿ, ಅಮ್ಮಿ."