ಆರು ಹತ್ತಕ್ಕೆ ನಾನು ತಲುಪಿಸಿದ ಮಾತು

ನನಗೆ ಸ್ವಂತ ಮಾತಿಲ್ಲ. ಹಾಗಿದ್ದೂ ಈ ಮನೆಯಲ್ಲಿ ನನ್ನಷ್ಟು ಮಾತಾಡಿದವರು ಇನ್ನೊಬ್ಬರಿಲ್ಲ. ಅಂಗೈಯಲ್ಲಿ ಕೂರುವಷ್ಟು ಚಿಕ್ಕ, ಕಪ್ಪು ಬಣ್ಣದ ವಾಕಿಟಾಕಿ ನಾನು. ಈಗ ಮೈಗೆ ಒಂದು ಬಿರುಕು ಬಿದ್ದಿದೆ. ಅದು ಹೇಗೆ ಬಿತ್ತು ಎಂದು ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕು.

ಹುಟ್ಟಿದ್ದು ಎಲ್ಲೋ ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಒಬ್ಬಾಕೆ ಹೊಟ್ಟೆಯೊಳಗೆ ತಂತಿ ಕೂರಿಸಿದಳು, ಇನ್ನೊಬ್ಬಾಕೆ ಬೆನ್ನಿಗೆ ಬ್ಯಾಟರಿ ಹಾಕಿದಳು, ಮೂರನೆಯವಳು ನನ್ನ ಪಕ್ಕೆಯ ಗುಂಡಿ ಒತ್ತಿ ಹಿಡಿದು "ಹಲೋ" ಎಂದಳು. ಮೇಜಿನ ಆ ತುದಿಯಲ್ಲಿದ್ದ ನನ್ನ ಒಡಹುಟ್ಟಿದವನು ಅದೇ ಹಲೋವನ್ನು ಅದೇ ದನಿಯಲ್ಲಿ ನುಡಿದ. ಪರೀಕ್ಷೆ ಅಷ್ಟೇ. ಹೇಳಿದ್ದನ್ನು ಹೇಳಿದ ಹಾಗೆ ಮುಟ್ಟಿಸು ಎಂಬುದೊಂದೇ ನಾನು ಕಲಿತ ವಿದ್ಯೆ. ಅದರಲ್ಲಿ ಒಂದು ದಿನವೂ ನಾನು ತಪ್ಪಲಿಲ್ಲ. ಒಂದೇ ಒಂದು ದಿನ, ಒಂದೇ ಒಂದು ನಿಮಿಷ ತಪ್ಪಿದ್ದರೆ ಒಬ್ಬರು ಇಂದು ಬದುಕಿರುತ್ತಿದ್ದರು.

ಮಂಡ್ಯದ ಹೊರವಲಯದಲ್ಲಿ ಹಿರಿಯರನ್ನು ನೋಡಿಕೊಳ್ಳುವ ಒಂದು ಮನೆ ಇದೆ. ಹೆಸರು ಬೇಡ ಬಿಡಿ. ಎರಡು ಮಹಡಿ, ನಲವತ್ತು ಜನ ಅಜ್ಜ ಅಜ್ಜಿಯರು, ಹದಿನೈದು ಜನ ಸಿಬ್ಬಂದಿ. ಮೇಲಿನವರು ಕೆಳಗಿನವರನ್ನು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರು. ಹಾಗಾಗಿ ವಾಕಿಟಾಕಿ ಕೊಳ್ಳೋಣ ಎಂದು ಅಲ್ಲಿನ ಮ್ಯಾನೇಜರ್ ವನಮಾಲಾ ಮೇಡಂ ತೀರ್ಮಾನಿಸಿದರು. ಮೊದಲು ದೊಡ್ಡಾಸ್ಪತ್ರೆಯಲ್ಲಿ ನರ್ಸಮ್ಮಂದಿರ ಮುಖ್ಯಸ್ಥೆಯಾಗಿದ್ದವರು, ಗಟ್ಟಿ ಹೆಂಗಸು. ಅಂಗಡಿಯವನು ಮೂರು ಜಾತಿಯ ಸೆಟ್ಟುಗಳನ್ನು ತಂದು ಊಟದ ಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದು ಇಟ್ಟಿಗೆಯಷ್ಟು ಭಾರ, ಅದನ್ನು ಯಾರೂ ಮೂಸಲಿಲ್ಲ. ಇನ್ನೊಂದರ ನೆತ್ತಿಯ ಮೇಲೆ ಕಿತ್ತಳೆ ಬಣ್ಣದ ಗುಂಡಿ. ಅದನ್ನೊಮ್ಮೆ ಒತ್ತಿದರೆ ಮನೆಯಲ್ಲಿರುವ ಅಷ್ಟೂ ಸೆಟ್ಟುಗಳು, ಸದ್ದು ಎಷ್ಟೇ ಸಣ್ಣಗಿಟ್ಟಿದ್ದರೂ, ಒಟ್ಟಿಗೆ ಕಿರುಚಿಕೊಳ್ಳುತ್ತವೆ. ಮೂರನೆಯವನು ನಾನು.

ಪುಟ್ಟಗೌರಿ ಎಂಬಾಕೆಗೆ ಆ ಕಿರುಚುವವನೇ ಬೇಕಿತ್ತು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ ಆಯಾ ಆಕೆ, ನಲವತ್ತು ದಾಟಿದವಳು. "ಮೇಡಂ, ಯಾರಾದ್ರೂ ಜಾರಿದ್ರೆ ನಮ್ ಎಲ್ಡೂ ಕೈ ಅವ್ರನ್ನ ಹಿಡ್ಕೊಂಡಿರ್ತವೆ. ಇದಾದ್ರೆ ಗಲ್ಲದಲ್ಲಿ ಒತ್ತಿದ್ರೂ ಆಯ್ತದೆ," ಎಂದಳು. ಎಂದು ಬಗ್ಗಿದಳು ನೋಡಿ, ನೋಡೋಣವೆಂದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆ ಸೆಟ್ಟಿನ ಗುಂಡಿ ಮೇಜಿನ ಅಂಚಿಗೆ ತಗುಲಿತು. ಅಬ್ಬಬ್ಬಾ, ಏನು ಅರಚಾಟ! ಊಟಕ್ಕೆ ಕೂತಿದ್ದ ಅಜ್ಜಿಯೊಬ್ಬರ ಕೈಯಿಂದ ಪಾಯಸದ ಬಟ್ಟಲು ಹಾರಿತು, ಇನ್ನೊಬ್ಬರು ಅಳುವುದಕ್ಕೇ ಶುರುಮಾಡಿದರು.

"ಬೇಡವೇ ಬೇಡ," ಎಂದರು ಮೇಡಂ. "ಇದು ಮನೆ ಕಣ್ರೀ, ಪೊಲೀಸ್ ಸ್ಟೇಷನ್ ಅಲ್ಲ. ಮೆತ್ತಗೆ ಮಾತಾಡೋದು ಯಾವುದಿದೆ, ಅದನ್ನ ಕೊಡಿ."

ಮೆತ್ತಗೆ ಮಾತಾಡುವವನು ನಾನೇ. ಅವತ್ತು ನನಗೆ ಎಷ್ಟು ಜಂಬ ಬಂದಿತ್ತು ಎಂದರೆ, ಕಿರುಚುವವನನ್ನು ಡಬ್ಬಿಗೆ ತುಂಬಿ ವಾಪಸು ಒಯ್ಯುವಾಗ ಒಳಗೊಳಗೇ ನಕ್ಕಿದ್ದೆ. ಆ ನಗುವನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನನ್ನ ಜೊತೆ ಬಂದ ಎಂಟು ಜನ ಒಡಹುಟ್ಟಿದವರು ಅಡುಗೆಮನೆ, ಗೇಟು, ಆಫೀಸು, ನರ್ಸಿನ ಕೋಣೆ ಎಂದು ಹಂಚಿಹೋದರು. ನಾನು ಪುಟ್ಟಗೌರಿಯ ಸೊಂಟ ಸೇರಿದೆ. ಕೆಲವು ದಿನ ಎಲ್ಲ ಚೆನ್ನಾಗಿತ್ತು. ಆಮೇಲೊಂದು ಸಂಜೆ ಆರರ ಭಜನೆಯ ನಡುವೆ, ಎಲ್ಲರೂ ಕಣ್ಣುಮುಚ್ಚಿ ಕೂತಿದ್ದಾಗ, ಯಾರದೋ ಸೊಂಟದಿಂದ "ಮೇಲಕ್ಕೆ ಒಂದು ಬೆಡ್‌ಪ್ಯಾನು ತನ್ರೀ" ಎಂದು ಜೋರಾಗಿ ಕೇಳಿಸಿತು. ಹಿರಿಯರಿಗೆ ಕೋಪ ಬಂತು. ದೇವರ ಮುಂದೆ ಇದೆಂಥ ಅನಾಚಾರ ಎಂದರು. ಅಂದಿನಿಂದ ಮೇಡಂ ಹೊಸ ಪದ್ಧತಿ ಮಾಡಿದರು: ಆರರಿಂದ ಆರೂವರೆವರೆಗೆ ಎಲ್ಲ ಸೆಟ್ಟುಗಳ ಸದ್ದನ್ನೂ ಪೂರಾ ಇಳಿಸಬೇಕು. ದಿನಾ ಸಂಜೆ ಅರ್ಧ ಗಂಟೆ ಇಡೀ ಮನೆಯ ಕಿವಿ ಮುಚ್ಚಿಹೋಗುತ್ತಿತ್ತು. ಯಾರಿಗೂ ಅದು ತಪ್ಪು ಎನ್ನಿಸಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಬೋರಲಿಂಗಯ್ಯನವರು ಬಂದರು. ಕರೆಂಟು ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಲೈನ್‌ಮನ್ ಆಗಿದ್ದವರು. ನೆಟ್ಟಗೆ ನಿಲ್ಲುವ ಮನುಷ್ಯರು, ಕೈಬೆರಳುಗಳು ಹುರಿಹಗ್ಗದ ಹಾಗೆ. ಮರೆವು ಒಂದೊಂದನ್ನೇ ಕಿತ್ತುಕೊಂಡು ಹೋಗಿತ್ತು: ಮನೆ ಯಾವುದು, ಇವತ್ತು ಯಾವ ವಾರ, ಕಡೆಗೆ ಹೆಂಡತಿಯ ಹೆಸರೂ. ಆಕೆ ಸಾಕಮ್ಮ. ಮಂಡಿ ಆಪರೇಷನ್ ಆದವರು, ಗಂಡನ ಹಿಂದೆ ಓಡಲಾರದೆ ತಾವೇ ಕರೆತಂದು ಬಿಟ್ಟರು.

ಹೊರಡುವ ಮುಂಚೆ ಆಕೆ ಪುಟ್ಟಗೌರಿಯ ಕೈ ಹಿಡಿದು ಹೇಳಿದ್ದನ್ನು ನಾನು ಸೊಂಟದಲ್ಲಿದ್ದುಕೊಂಡೇ ಕೇಳಿದೆ. "ನೋಡವ್ವ, ದೀಪ ಹಚ್ಚೋ ಹೊತ್ಗೆ ಇವ್ರಿಗೆ ಇದ್ದಂಗೆ ಇರಕ್ಕಾಗಕಿಲ್ಲ. ಲೈನ್ ಕೆಟ್ಟದೆ, ಕಂಬ ಹತ್ತಬೇಕು ಅಂತರೆ. ಆದ್ರೆ ಎಲ್‌ಸಿ ಆಗ್ದೆ ಮುಟ್ಟಕಿಲ್ಲ. ಎಲ್‌ಸಿ ಅಂದ್ರೆ ಲೈನ್ ಕ್ಲಿಯರು. ಸ್ಟೇಷನ್ನೋರು ಕರೆಂಟ್ ತೆಗ್ದಿದೀವಿ ಅಂತ ಬಾಯ್ಬಿಟ್ಟು ಹೇಳಬೇಕು. ಇನ್ನೂ ಆಗಿಲ್ಲ ಅಂದ್ಬುಡು, ಸುಮ್ಕೆ ಕೂತ್ಕತರೆ. ಮನೇಲಿ ಒಂದಿನ ಕೇಳಿದ್ರು, ನಾನು ಒಲೆ ಮುಂದೆ ಇದ್ದೋಳು ಯೋಚ್ನೆ ಮಾಡ್ದೆ ಹೂಂ ಅಂದ್ಬುಟ್ಟೆ. ಮೀಟರ್ ಬೋರ್ಡೇ ಬಿಚ್ಚಾಕಿದ್ರು. ಪಕ್ಕದ ಮನೆಯೋರು ನೋಡಿ ಎಳ್ಕೊಂಡ್ರು."

ಪುಟ್ಟಗೌರಿ ಜಾಣೆ. ಸಂಜೆ ಭಜನೆಗೆ ಮುನ್ನ ಅವರು ಚಡಪಡಿಸತೊಡಗಿದರೆ ನನ್ನನ್ನು ಅವರ ಕೈಗೇ ಕೊಡುತ್ತಿದ್ದಳು. ಅವರ ಕಿವಿ ಮಂದವಾದ್ದರಿಂದ ನನ್ನ ಸದ್ದು ಮಾತ್ರ ಯಾವಾಗಲೂ, ಭಜನೆಯ ಹೊತ್ತಿನಲ್ಲೂ, ಪೂರ್ತಿ. ಅವರು ಗುಂಡಿ ಒತ್ತಿ ಗತ್ತಿನಿಂದ ಕೇಳುತ್ತಿದ್ದರು: "ಸ್ಟೇಷನ್, ಬೋರಲಿಂಗಯ್ಯ ಮಾತಾಡ್ತಿರದು. ಎಲ್‌ಸಿ ಆಯ್ತಾ?" ಆಫೀಸಿನಲ್ಲಿದ್ದ ಹುಡುಗಿಗೆ ಪುಟ್ಟಗೌರಿ ಹೇಳಿಕೊಟ್ಟಿದ್ದಳು. ಆಕೆ, "ಇನ್ನೂ ಆಗಿಲ್ಲ ಲಿಂಗಯ್ಯನೋರೆ, ಕಾಯ್ರಿ," ಎನ್ನುತ್ತಿದ್ದಳು. "ಕಾಯನ ಬುಡು, ಜೀವಕ್ಕಿಂತ ಅರ್ಜೆಂಟ್ ಏನದೆ," ಎಂದು ಅವರು ನೆಮ್ಮದಿಯಾಗಿ ಕುರ್ಚಿಗೆ ಒರಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಒಬ್ಬರ ಜೀವ ದಿನಾ ಸಂಜೆ ನನ್ನ ಮೂಲಕ ಬರುವ 'ಇಲ್ಲ' ಎಂಬ ಒಂದು ಮಾತಿಗೆ ಜೋತುಬಿದ್ದಿತ್ತು. ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಬರೆದಿಟ್ಟಿದ್ದು ಬೇರೆಯೇ. ಸಿಬ್ಬಂದಿಯ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದ ಹಲಗೆ ಇತ್ತು: ಮರೆವಿನವರಿಗೆ ಎದುರು ಮಾತಾಡಬೇಡಿ, ಇಲ್ಲ ಅನ್ನಬೇಡಿ. ಹೊಸಬರು ಸೇರಿದ ಮೊದಲ ದಿನವೇ ಮೇಡಂ ಅದನ್ನು ಓದಿಸುತ್ತಿದ್ದರು. "ಸತ್ತುಹೋಗಿರೋ ಅಮ್ಮ ಎಲ್ಲಿ ಅಂತ ಕೇಳಿದ್ರೆ, ಬರ್ತಾರೆ ಅನ್ನಿ. ಬಸ್ಸು ಬಂತಾ ಅಂದ್ರೆ, ಬಂತು ಅನ್ನಿ. ಅವರ ಮನಸ್ಸು ನೋಯಿಸಬಾರದು." ಒಳ್ಳೆಯ ಪಾಠವೇ. ಆ ಪಾಠದಿಂದ ಎಷ್ಟೋ ಅಜ್ಜಿಯರು ಅಳುವುದನ್ನು ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ.

ಆಫೀಸಿನ ಹುಡುಗಿ ಬಾಣಂತನಕ್ಕೆ ತವರಿಗೆ ಹೋದಳು. ಆ ಜಾಗಕ್ಕೆ ಮಾಧುರಿ ಬಂದರು. ಹನ್ನೆರಡು ವರ್ಷ ಸೀರೆ ಅಂಗಡಿಯಲ್ಲಿದ್ದವರು, ಬಂದವರಿಗೆ ಇಲ್ಲ ಎಂದು ಹೇಳಿ ಗೊತ್ತೇ ಇಲ್ಲ. ಬೆಣ್ಣೆಯಂಥ ದನಿ. ಹಲಗೆಯನ್ನು ಎರಡು ಸಲ ಓದಿ ಬಾಯಿಪಾಠ ಮಾಡಿಕೊಂಡರು. ಎಲ್‌ಸಿಯ ವಿಷಯವನ್ನು ಮೇಡಂ ಹೇಳಿರಬಹುದು ಎಂದು ಪುಟ್ಟಗೌರಿ ಅಂದುಕೊಂಡಳು. ಪುಟ್ಟಗೌರಿ ಹೇಳಿರುತ್ತಾಳೆ ಎಂದು ಮೇಡಂ ಅಂದುಕೊಂಡರು. ಅಯ್ಯೋ, ನನ್ನ ಪಕ್ಕೆಯ ಗುಂಡಿಯನ್ನು ನಾನೇ ಒತ್ತಿಕೊಳ್ಳುವ ಹಾಗಿದ್ದರೆ!

ಮಾಧುರಿಯವರ ಮೊದಲ ದಿನವೇ ಅದು ಆಯಿತು. ಆರು ಗಂಟೆಗೆ ಭಜನೆ ಶುರುವಾಯಿತು, ಆಫೀಸಿನದೊಂದನ್ನು ಬಿಟ್ಟು ಒಂದೊಂದಾಗಿ ಎಲ್ಲ ಸೆಟ್ಟುಗಳೂ ಸುಮ್ಮನಾದವು. ಬೋರಲಿಂಗಯ್ಯನವರು ಕೆಳಗಿನ ಪಡಸಾಲೆಯ ಕುರ್ಚಿಯಲ್ಲಿ ನನ್ನನ್ನು ಹಿಡಿದು ಕೂತಿದ್ದರು. ಅಷ್ಟರಲ್ಲಿ ಬಚ್ಚಲಲ್ಲಿ ಅಜ್ಜಿಯೊಬ್ಬರಿಗೆ ತಲೆಸುತ್ತು ಬಂದಿತೆಂದು ಯಾರೋ ಕೂಗಿದರು. "ಇಲ್ಲೇ ಕೂತಿರಿ ಲಿಂಗಯ್ಯನೋರೆ, ಬಂದ್ಬುಟ್ಟೆ," ಎಂದು ಪುಟ್ಟಗೌರಿ ಓಡಿದಳು.

ಅವರು ಗುಂಡಿ ಒತ್ತಿದರು. "ಸ್ಟೇಷನ್, ಬೋರಲಿಂಗಯ್ಯ ಮಾತಾಡ್ತಿರದು. ಎಲ್‌ಸಿ ಆಯ್ತಾ?"

ಹೊಸಬರಾದ ಮಾಧುರಿ ಆಗಷ್ಟೇ ನೆನಪಾಗಿ, ಸದ್ದು ಇಳಿಸುವ ಮುನ್ನ ಆಫೀಸಿನ ಸೆಟ್ಟನ್ನು ಕಿವಿಯ ಹತ್ತಿರ ಹಿಡಿದಿದ್ದರಂತೆ. ಹಿರಿಯರ ದನಿ ಎಂಬುದು ತಿಳಿಯಿತು, ಉಳಿದದ್ದು ತಿಳಿಯಲಿಲ್ಲ. "ಆಯ್ತು ಸಾರ್, ಎಲ್ಲಾ ಆಗಿದೆ. ನೀವು ಆರಾಮಾಗಿರಿ," ಎಂದರು.

ಬೇಡ, ಬೇಡ ಎಂದುಕೊಂಡೆ. ಆದರೂ ಆ ಮಾತನ್ನು ಒಂದಕ್ಷರ ಕೆಡದಂತೆ, ಪೂರ್ತಿ ಸದ್ದಿನಲ್ಲಿ ಅವರ ಕಿವಿಗೆ ಮುಟ್ಟಿಸಿದೆ.

ಅವರು ತಟ್ಟನೆ ಎದ್ದು ನಿಂತರು. ವರ್ಷಗಳಿಂದ ಮಂಕಾಗಿದ್ದ ಕಣ್ಣು ಚುರುಕಾಯಿತು. "ಎಲ್‌ಸಿ ಆಯ್ತು. ಕೊಟ್ಟೋರ ಹೆಸ್ರು ಹೇಳಿ."

"ಮಾಧುರಿ, ಸಾರ್."

"ಟೈಮು?"

"ಆರು ಹತ್ತು."

"ಮಾಧುರಿ, ಆರು ಹತ್ತು. ನಾನು ವಾಪಸ್ ಬಂದು ಹೇಳೋಗಂಟ ಕರೆಂಟ್ ಕೊಡ್ಬ್ಯಾಡಿ," ಎಂದು ಅವರು ನನ್ನನ್ನು ಅಂಗಿಯ ಜೇಬಿಗೆ ಇಳಿಬಿಟ್ಟರು. ಮಾಧುರಿ ಅಲ್ಲಿ ಸದ್ದು ಇಳಿಸಿ ಭಜನೆಗೆ ಹೋದರು.

ಬಟ್ಟೆ ಒಗೆಯುವ ಕೋಣೆಯ ಹಿಂದೆ ಇಡೀ ಮನೆಯ ಮೇನ್ ಬೋರ್ಡ್ ಇದೆ. ಬಾಗಿಲಿಗೆ ಬೀಗವಿರಲಿಲ್ಲ, ಮೇಲೊಂದು ಚಿಲಕ ಮಾತ್ರ. ಅವರಿಗೆ ದಾರಿ ಯಾರೂ ತೋರಿಸಬೇಕಾಗಲಿಲ್ಲ. ಚಿಲಕ ತೆಗೆದರು, ಅಲ್ಲೇ ಕಿಟಕಿಯ ಮೇಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಮುಚ್ಚಳ ಬಿಚ್ಚತೊಡಗಿದರು. ಆಗ ನನ್ನೊಳಗಿಂದ ಪುಟ್ಟಗೌರಿಯ ದನಿ ಬಂತು. ಕುರ್ಚಿ ಖಾಲಿಯಾದದ್ದನ್ನು ನೋಡಿ ನರ್ಸಿನ ಕೋಣೆಯ ಸೆಟ್ಟಿನಿಂದ ಕೂಗುತ್ತಿದ್ದಳು. "ಲಿಂಗಯ್ಯನೋರೆ, ಎಲ್ಲಿದ್ದೀರಿ? ಯಾರಾದ್ರೂ ನೋಡಿದ್ರಾ? ಯಾರಾದ್ರೂ ಮಾತಾಡ್ರಪ್ಪಾ!" ಮನೆಯ ಅಷ್ಟು ಸೆಟ್ಟುಗಳಲ್ಲಿ ಅದು ಕೇಳಿಸಿದ್ದು ನನ್ನೊಬ್ಬನಲ್ಲೇ.

"ಇಲ್ಲೇ ಬೋರ್ಡ್ ತಾವ ಇವ್ನಿ ಕಣವ್ವ," ಎಂದರು ಬೋರಲಿಂಗಯ್ಯನವರು. "ಎಲ್‌ಸಿ ಆಗದೆ. ಗಾಬರಿಯಾಗಬ್ಯಾಡ."

ಆದರೆ ಎರಡೂ ಕೈ ಮುಚ್ಚಳದ ಮೇಲಿದ್ದವು. ಗುಂಡಿ ಒತ್ತಿರಲಿಲ್ಲ. ಆ ಮಾತು ನನ್ನ ಮುಖದ ಮೇಲೆ ಬಿದ್ದು ಅಲ್ಲೇ ಸತ್ತಿತು. "ಎಲ್ಲಿದ್ದೀರಿ, ಹೇಳಿ ಲಿಂಗಯ್ಯನೋರೆ!" ಎಂದು ಆಕೆ ಮತ್ತೆ ಮತ್ತೆ ಕೇಳಿದಳು. ಅವರು ಪಾಪ, ಪ್ರತಿ ಸಲವೂ ಉತ್ತರ ಕೊಟ್ಟರು. ಆಮೇಲೆ ಮುಚ್ಚಳವನ್ನು ಜೋಪಾನವಾಗಿ ನೆಲಕ್ಕಿಟ್ಟು ಒಳಗೆ ಕೈ ಹಾಕಿದರು.

ಮನೆಯ ದೀಪಗಳೆಲ್ಲ ಆರಿದವು. ಭಜನೆಯ ಮೈಕು ನಿಂತಿತು. ನಾನು ಅವರ ಜೊತೆಯಲ್ಲೇ ಕೆಳಗೆ ಬಿದ್ದೆ.

ಪೊಲೀಸರು ಬಂದರು, ಡಾಕ್ಟರು ಬಂದರು. ಮರೆವಿನ ಕಾಯಿಲೆಯವರು, ಏನು ಮುಟ್ಟುತ್ತಿದ್ದೇನೆಂದು ತಿಳಿಯದೆ ಮುಟ್ಟಿದರು ಎಂದು ಕಾಗದದಲ್ಲಿ ಬರೆದರು. ಅವರೊಬ್ಬರನ್ನೇ ಬಿಟ್ಟುಹೋದದ್ದು ಪುಟ್ಟಗೌರಿಯ ತಪ್ಪು ಎಂದಾಯಿತು. ಆಕೆ ಎದುರಾಡಲಿಲ್ಲ. "ನಾನ್ ಬುಟ್ಟೋಗಿದ್ದು ದಿಟ," ಎಂದಳು ಅಷ್ಟೇ. ನನ್ನೊಳಗೆ ಹಾದುಹೋದ ಮಾತು ನನ್ನೊಳಗೆ ಉಳಿಯುವುದಿಲ್ಲ. ಯಾರು ನನ್ನನ್ನು ಬಿಚ್ಚಿ ನೋಡಿದರೂ ಆರು ಹತ್ತರ ಮಾತು ಸಿಗುತ್ತಿರಲಿಲ್ಲ. ಅದನ್ನು ಬಲ್ಲವರು ನಾನು ಮತ್ತು ಮಾಧುರಿ. ಬಾಯಿ ಇದ್ದದ್ದು ಅವರಿಗೆ ಮಾತ್ರ, ಅವರೂ ಅದಕ್ಕೆ ಬೀಗ ಹಾಕಿಕೊಂಡಿದ್ದರು.

ಐದನೆಯ ದಿನ ಸಾಕಮ್ಮ ಗಂಡನ ಸಾಮಾನು ಒಯ್ಯಲು ಬಂದರು. ಆಫೀಸಿನ ಮೇಜಿನ ಮೇಲೆ ಕನ್ನಡಕ, ಎರಡು ಪಂಚೆ, ಸ್ವೆಟರು ಇಟ್ಟಿದ್ದರು. ಬಿರುಕು ಬಿಟ್ಟ ನಾನೂ ಅಲ್ಲೇ ಬಿದ್ದಿದ್ದೆ. ಮೇಡಂ ಮೆಲ್ಲಗೆ, ಅವರಿಗೆ ಪ್ರಜ್ಞೆ ಇರಲಿಲ್ಲವಲ್ಲಮ್ಮ, ಏನು ಮಾಡೋದು ಎಂದರು.

ಸಾಕಮ್ಮ ತಲೆಯಾಡಿಸಿದರು. "ಅದೊಂದ್ ಮಾತ್ರ ನಾನ್ ನಂಬಕಿಲ್ಲ. ಮೂವತ್ತೆಂಟು ವರ್ಸ. ಜೊತೆ ಹತ್ತಿದೋರು ನಾಕ್ ಜನ ಕಂಬದ ಮೇಲೇ ಹೋದ್ರು. ಇವ್ರು ಎಲ್‌ಸಿ ಕೇಳ್ದೆ ಒಂದ್ ತಂತಿ ಮುಟ್ಟಿದೋರಲ್ಲ. ನನಗೇನೂ ಬ್ಯಾಡಿ. ಯಾರ್ ಕೊಟ್ರು ಅಷ್ಟು ಹೇಳಿ."

ಬಾಗಿಲ ಬಳಿ ಪುಟ್ಟಗೌರಿ ಗಂಟುಮೂಟೆ ಕಟ್ಟಿಕೊಂಡು ನಿಂತಿದ್ದಳು; ಕೆಲಸದಿಂದ ತೆಗೆದಿದ್ದರು, ಅವತ್ತೇ ಆಕೆಯ ಕೊನೆಯ ದಿನ. ಮಾಧುರಿ ಆಕೆಯನ್ನೊಮ್ಮೆ ನೋಡಿದರು. ಮುಖ ಸುಣ್ಣದಂತಾಗಿತ್ತು.

"ನಾನಮ್ಮ," ಎಂದರು. "ಅವರು ಕೇಳಿದ್ರು. ನಾನೇ ಆಯ್ತು ಅಂದೆ. ಏನು ಕೇಳ್ತಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ."

ಪುಟ್ಟಗೌರಿ ಗಂಟನ್ನು ಕೆಳಗಿಟ್ಟಳು. ಸಾಕಮ್ಮ ಮಾಧುರಿಯ ಎದುರಿಗೆ ಬಂದು ನಿಂತರು. ಹೊಡೆಯುತ್ತಾರೇನೋ ಎಂದು ನನಗೆ ಭಯವಾಯಿತು.

"ನಿನ್ ಹೆಸ್ರು ಕೇಳಿದ್ರಾ?" ಎಂದರು.

"ಕೇಳಿದ್ರು."

"ಟೈಮು?"

"ಅದನ್ನೂ ಕೇಳಿದ್ರು. ವಾಪಸ್ ಬಂದು ಹೇಳೋವರೆಗೂ ಕರೆಂಟ್ ಕೊಡಬೇಡಿ ಅಂದ್ರು."

ಸಾಕಮ್ಮ ಕನ್ನಡಕವನ್ನು ಕೈಗೆತ್ತಿಕೊಂಡು ಸೆರಗಿನಿಂದ ಒರೆಸತೊಡಗಿದರು. ಅಳು ಆಗ ಬಂತು. "ಹಂಗಾರೆ ಪೂರಾ ಗ್ಯಾನ ಇತ್ತು ಅವ್ರಿಗೆ," ಎಂದರು. "ನನ್ ಹೆಸ್ರ ಮರ್ತೋರು ಇದ ಮರ್ತಿರ್ನಿಲ್ಲ. ಆ ಕಾಗ್ದದಲ್ಲಿ ತಿಳೀದೆ ಮುಟ್ಟಿದ್ರು ಅಂತ ಬರ್ದವ್ರಲ್ಲ, ಅದ ಹೊಡ್ದಾಕ್ಸವ್ವ. ಅಷ್ಟು ಮಾಡು."

ಮಾಧುರಿ ಅವತ್ತೇ ಪೊಲೀಸ್ ಠಾಣೆಗೆ ಹೋಗಿ ಬರೆದುಕೊಟ್ಟರು. ಪುಟ್ಟಗೌರಿಯನ್ನು ಇರು ಎಂದು ಮೇಡಂ ಎಷ್ಟು ಕೇಳಿಕೊಂಡರೂ ಆಕೆ ಇರಲಿಲ್ಲ.

ಈಗ ಈ ಮನೆಗೆ ಕಿತ್ತಳೆ ಗುಂಡಿಯವರು ಬಂದಿದ್ದಾರೆ. ಆಗಾಗ ಸುಳ್ಳುಸುಳ್ಳೇ ಅರಚುತ್ತಾರೆ, ಹಿರಿಯರು ಬೆಚ್ಚಿ ಬಯ್ಯುತ್ತಾರೆ, ಮೇಡಂ ಸುಮ್ಮನಿರುತ್ತಾರೆ. ನಾನು ಆಫೀಸಿನ ಮೇಜಿನ ಕೆಳಗಿನ ಖಾನೆಯಲ್ಲಿ ಹಳೆಯ ಚಾರ್ಜರುಗಳ ನಡುವೆ ಬಿದ್ದಿದ್ದೇನೆ. ಬ್ಯಾಟರಿ ತೆಗೆದಿದ್ದಾರೆ, ಸದ್ಯ. ಗೇಟು ತೆಗಿ, ಬಿಸಿನೀರು ತಾ, ಡಾಕ್ಟರು ಬಂದರು ಎಂದು ಸಾವಿರಾರು ಮಾತು ಹೊತ್ತಿದ್ದೇನೆ; ಅವು ಯಾವುವೂ ಈಗ ನೆನಪಿಗೆ ಬರುವುದಿಲ್ಲ. ಕತ್ತಲಲ್ಲಿ ಕೇಳಿಸುವುದು, ನಾನು ಯಾರಿಗೂ ಮುಟ್ಟಿಸಲಾಗದೆ ಹೋದ ಆ ಒಂದು ಉತ್ತರ: ಇಲ್ಲೇ ಇವ್ನಿ ಕಣವ್ವ, ಗಾಬರಿಯಾಗಬ್ಯಾಡ.